ಬಾಗಿನದಲ್ಲಿ ಬಂದ ಕೊಂಬು

ಬೇರೆಯವರ ತವರಿನಲ್ಲಿ ಮಗಳು ಬಂದರೆ ಕಾಲಿಗೆ ನೀರು ಕೊಡುತ್ತಾರೆ. ನಮ್ಮವ್ವ ಬೆರಳು ಚಿವುಟುತ್ತಿದ್ದಳು. ಸಾತನೂರಿನ ಹತ್ತಿರದ ನಮ್ಮೂರಲ್ಲಿ ಬಸ್ಸಿಳಿದು ಬಾಗಿಲಿಗೆ ಕಾಲಿಡುವುದೇ ತಡ, ನನ್ನ ಎರಡೂ ಕೈ ಹಿಡಿದುಕೊಂಡು ಬೆರಳಿನ ತುದಿಗಳನ್ನು ಒಂದೊಂದಾಗಿ ಉಗುರಿನಿಂದ ಚಿವುಟಿ, "ನೋಯ್ತದಾ?" ಎಂದು ಕೇಳುತ್ತಿದ್ದಳು. ನಾನು ಅವಳ ಮುಖ ನೋಡಿಕೊಂಡು "ಹ್ಞೂಂ" ಎನ್ನುತ್ತಿದ್ದೆ. ಆದರೆ ಒಂದು ಗಳಿಗೆ ತಡವಾಗಿ ಎನ್ನುತ್ತಿದ್ದೆ. ಆ ಒಂದು ಗಳಿಗೆಯಲ್ಲೇ ಅವಳಿಗೆ ಎಲ್ಲ ಗೊತ್ತಾಗಿಬಿಡುತ್ತಿತ್ತು. "ನಿನ್ ಕೈಯಿ ಸತ್ತೋಗೈತೆ ಕಣಮ್ಮಿ" ಎಂದು ಗೊಣಗುತ್ತಾ ಒಳಗೆ ಹೋಗಿ ಕಾಫಿಗೆ ಇಡುತ್ತಿದ್ದಳು.

ಕೈ ಸತ್ತದ್ದು ಸುಮ್ಮನೆ ಅಲ್ಲ. ನಾನು ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವವಳು. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಬಿಸಿನೀರಿನ ತೊಟ್ಟಿಯಲ್ಲಿ ಗೂಡು ತೇಲಿಸಿಕೊಂಡು, ಒಂದೊಂದು ಗೂಡಿನ ಎಳೆಯ ತುದಿ ಹುಡುಕಿ ರಾಟೆಗೆ ಕೊಡುವುದೇ ನನ್ನ ಕೆಲಸವಾಗಿತ್ತು. ಎಳೆ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣದು. ಅದನ್ನು ಬೆರಳೇ ಹುಡುಕಬೇಕು. ವರ್ಷಗಟ್ಟಲೆ ಆ ನೀರಿನಲ್ಲಿ ಆಡಿದ ಬೆರಳುಗಳು ಒಂದು ದಿನ ಜೋಮು ಹಿಡಿಯಲು ಶುರುವಾದವು, ಆಮೇಲೆ ಬಿಡಲಿಲ್ಲ. ಎಳೆ ಸಿಗದೆ ನಾನು ತೊಟ್ಟಿಯ ಮುಂದೆ ಬೈದಾಡುವುದನ್ನು ಕೇಳಲಾರದೆ ಮಾಲೀಕರು ನನ್ನನ್ನು ನೂಲಿನ ಲಡಿ ಕಟ್ಟುವ ಕಡೆ ಕೂರಿಸಿದರು. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಬೀದಿಗೆಲ್ಲ ಗೊತ್ತು.

ಸೈಕಲ್ಲಿನ ವಿಷಯಕ್ಕೆ ಬರುತ್ತೇನೆ. ಅದು ನನ್ನದಲ್ಲ, ನನ್ನ ಗಂಡನದು. ಹೊಟ್ಟೆ ಕರಗಿಸುತ್ತೇನೆ ಎಂದು ಯಾರೋ ಓಡಿಸಿ ಬಿಟ್ಟ ಗೇರ್ ಸೈಕಲ್ಲೊಂದನ್ನು ತಂದಿದ್ದರು. ತಂದ ವಾರ ಅದರ ಮೇಲೆ ಅವರು ಕೂತರು, ಮುಂದಿನ ವಾರದಿಂದ ಅದರ ಮೇಲೆ ಟವೆಲ್ಲು ಕೂತಿತು. ಒಣಗಿದ ಟವೆಲ್ಲು ತೆಗೆಯಲು ಹೋದವಳು ನಾನು, ಹಾಗೇ ಹತ್ತಿ ಬೀದಿ ಕೊನೆಯವರೆಗೂ ಹೋಗಿ ಬಂದೆ. ಹೈಸ್ಕೂಲಿಗೆ ಸೈಕಲ್ಲಿನಲ್ಲಿ ಹೋದವಳು, ಕಾಲು ಮರೆತಿರಲಿಲ್ಲ. ಮಾರನೆಯ ದಿನ ಇನ್ನೂ ಸ್ವಲ್ಪ ದೂರ. ನೋಡನೋಡುತ್ತಾ ನಮ್ಮ ಕಡೆಯ ನಾಲ್ಕೈದು ಹೆಂಗಸರು ಸೇರಿಕೊಂಡು ಭಾನುವಾರ ಬೆಳಿಗ್ಗೆ ಮಾಗಡಿ ರಸ್ತೆ ಹಿಡಿಯುವುದು ರೂಢಿಯಾಯಿತು. ಸಾವನದುರ್ಗದ ಬಂಡೆ ಕಾಣುವ ತಿರುವಿನಲ್ಲಿ ನಿಂತು ಬೆಲ್ಲದ ಕಾಫಿ ಕುಡಿದು ವಾಪಸ್ಸು. ಆ ಹೊತ್ತಿನಲ್ಲಿ ನಾನು ಯಾರ ಹೆಂಡತಿಯೂ ಅಲ್ಲ, ಯಾರ ಕೂಲಿಯೂ ಅಲ್ಲ. ಇಳಿಜಾರಿನಲ್ಲಿ ಗಾಳಿ ಮುಖಕ್ಕೆ ಹೊಡೆದಾಗ ನನಗೆ ಸುಮ್ಮಸುಮ್ಮನೆ ನಗು ಬರುತ್ತಿತ್ತು.

ಆದರೆ ಕೈ ಬಿಡಬೇಕಲ್ಲ! ಹ್ಯಾಂಡಲ್ಲಿನ ಮೇಲೆ ಅಂಗೈ ಊರಿ ಸ್ವಲ್ಪ ದೂರ ಹೋಗುತ್ತಿದ್ದಂತೆ ಬೆರಳು ಒಂದೊಂದಾಗಿ ಮಾಯವಾಗುತ್ತಿದ್ದವು. ಗೇರ್ ಬದಲಾಯಿಸುವ ಲಿವರು, ಅಂದರೆ ಸನ್ನೆ, ಹ್ಯಾಂಡಲ್ಲಿನ ಕೆಳಗೆ, ಹೆಬ್ಬೆರಳಿನಿಂದ ಒತ್ತುವಂಥದ್ದು. ಒತ್ತಿದೆನೋ ಇಲ್ಲವೋ ನನಗೇ ತಿಳಿಯುತ್ತಿರಲಿಲ್ಲ. ಒಮ್ಮೆ ಏರಿನಲ್ಲಿ ಗೇರು ಬದಲಾಗದೆ ಸೈಕಲ್ ತಳ್ಳಿಕೊಂಡು ಹತ್ತಿದೆ. ಡಾಕ್ಟರ ಹತ್ತಿರ ಹೋದರೆ ಕೈ ತಿರುಗಿಸಿ ಮುರುಗಿಸಿ ನೋಡಿ, "ಅಂಗೈ ಮೇಲೆ ಭಾರ ಬೀಳಬಾರದು. ಸೈಕಲ್ ಬಿಡಿ" ಎಂದರು. ನೂಲಿನ ಕೆಲಸ ಬಿಡಿ ಎನ್ನಲಿಲ್ಲ, ಅದು ಹೊಟ್ಟೆಪಾಡು. ಬಟ್ಟೆ ಒಗೆಯುವುದು ಬಿಡಿ ಎನ್ನಲಿಲ್ಲ, ಮುದ್ದೆ ತಿರುವುವುದು ಬಿಡಿ ಎನ್ನಲಿಲ್ಲ. ನನಗೆ ಖುಷಿ ಕೊಡುವ ಒಂದೇ ಒಂದನ್ನು ಹುಡುಕಿ ತೆಗೆದು ಅದನ್ನು ಬಿಡಿ ಎಂದರು.

ಮನೆಗೆ ಬಂದು ಹೇಳಿದರೆ ಗಂಡ ಟಿವಿ ನೋಡುತ್ತಲೇ, "ಅಂಗಾದ್ರೆ ಮಾರ್ಬುಡಣ ಬುಡು, ಒಸಿ ಜಾಗನಾದ್ರೂ ಆಯ್ತದೆ" ಎಂದರು. ಅಷ್ಟು ಸಾಕಾಯಿತು ನನಗೆ.

"ಗೌರಿ ಹಬ್ಬ ಆದ್ಮೇಲಿನ ಭಾನುವಾರ ನಾನು ನಮ್ಮವ್ವನ ಮನೆಗೆ ಸೈಕಲ್ಲಲ್ಲೇ ಹೋಯ್ತೀನಿ. ದಾರೀಲಿ ಕೈ ಜೋಮು ಹಿಡಿದು ಇಳ್ದೆ ಅಂದ್ರೆ ಮಾರನೆ ದಿನ ನೀವೇ ಮಾರ್ಬುಡಿ. ನಾನು ತುಟಿ ಪಿಟಕ್ ಅನ್ನಕ್ಕಿಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗಂಡ ಟಿವಿಯಿಂದ ಕಣ್ಣು ತೆಗೆದು ನಕ್ಕರು. ರಾಮನಗರದಿಂದ ಚನ್ನಪಟ್ಟಣ, ಅಲ್ಲಿಂದ ಸಾತನೂರು ರಸ್ತೆ. ಬಸ್ಸಿನಲ್ಲಿ ಕೂತರೇ ಸೊಂಟ ಹಿಡಿಯುವ ದಾರಿ ಅದು. ಅಡುಗೆಮನೆಗೆ ಹೋಗಿ ನಿಂತ ಮೇಲೆ, ಆಡಿದ್ದೇನೆಂದು ನನಗೇ ಅರ್ಥವಾಯಿತು. ಚನ್ನಪಟ್ಟಣದಲ್ಲಿರುವ ತಮ್ಮನಿಗೆ ಫೋನ್ ಮಾಡಿ, ಅವನೇ ಏನೋ ತಪ್ಪು ಮಾಡಿದವನ ಹಾಗೆ ಅವನ ಮೇಲೆ ರೇಗಾಡಿ, ಕೊನೆಗೆ ಅತ್ತುಬಿಟ್ಟೆ.

ತಮ್ಮ ಬೊಂಬೆ ಮಾಡುವವನು. ಲೇತಿನಲ್ಲಿ ಮರ ಕಡೆದು, ಅರಗಿನ ಬಣ್ಣ ಹಚ್ಚಿ, ತಾಳೆಗರಿಯಿಂದ ಉಜ್ಜಿ ಫಳಫಳ ಅನ್ನಿಸುವುದು ಅವನ ಕಸುಬು. ಮಾತು ಕಡಿಮೆ, ಕೀಟಲೆ ಜಾಸ್ತಿ. ಅವತ್ತು ಫೋನಿನಲ್ಲಿ "ಆಯ್ತು ಬುಡಕ್ಕ, ಅಳಬ್ಯಾಡ, ನೋಡಣ" ಎಂದಷ್ಟೇ ಹೇಳಿ ಇಟ್ಟ.

ಗೌರಿ ಹಬ್ಬಕ್ಕೆ ತಮ್ಮ ಬಾಗಿನ ತರುವುದು ನಮ್ಮಲ್ಲಿ ತಪ್ಪಿಸಬಾರದ ಪದ್ಧತಿ. ಅರಿಶಿನ ಬಳಿದ ಎರಡು ಮೊರ, ಒಂದರ ಮೇಲೊಂದು ಕವುಚಿ ದಾರ ಕಟ್ಟಿರುತ್ತದೆ. ಒಳಗೆ ಅಕ್ಕಿ, ಬೇಳೆ, ಬೆಲ್ಲ, ಕಾಯಿ, ಬಳೆ, ರವಿಕೆ ಕಣ. ಆ ವರ್ಷ ಅವನು ಮೊರವನ್ನು ಎರಡೂ ಕೈಯಲ್ಲಿ ಮಗು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದ. ಸೆರಗು ಮುಚ್ಚಿ ತೆಗೆದುಕೊಂಡರೆ ಕೈ ಜಗ್ಗಿತು.

"ಏನ್ಲಾ ಇದು, ಬೇಳೆ ಹಾಕಿದ್ದೀಯೋ ಬಂಡೆ ಹಾಕಿದ್ದೀಯೋ?"

ಅವನು ನಗುತ್ತಾ ನಿಂತ. ದೇವರ ಮುಂದೆ ಇಟ್ಟು ದಾರ ಬಿಚ್ಚಿ ರವಿಕೆ ಕಣ ಎತ್ತಿದರೆ, ಬಳೆಗಳ ನಡುವೆ ಎರಡು ಕಪ್ಪು ಕೊಳವೆ. ಒಂದಡಿಗಿಂತ ಸ್ವಲ್ಪ ಉದ್ದ, ತುದಿ ಮೇಲಕ್ಕೆ ಬಾಗಿದೆ. ಜೊತೆಗೆ ಒಂದಿಷ್ಟು ನಟ್ಟು, ಬೋಲ್ಟು, ಸಣ್ಣ ದಿಂಬಿನಂಥವು ಎರಡು, ಕೊಕ್ಕೆಯಂಥ ಸನ್ನೆಗಳು ಎರಡು.

"ಎತ್ತಿನ ಕೊಂಬು ಯಾಕ್ಲಾ ತಂದಿದ್ದೀಯ?"

"ಕೊಂಬಲ್ಲ ಕಣಕ್ಕ. ಇದ್ಕೆ ಏರೋಬಾರ್ ಅಂತಾರೆ. ರೇಸ್ ಹೊಡೆಯೋರು ಹ್ಯಾಂಡಲ್ ಮ್ಯಾಲೆ ಹಾಕ್ಕೊತಾರೆ. ಮೊಳಕೈ ದಿಂಬಿನ ಮ್ಯಾಲೆ ಊರ್ಕಂಡು, ಈ ಕೊಂಬಿನ ತುದಿ ಸುಮ್ನೆ ಹಿಡ್ಕೊಳದು. ಅಂಗೈ ಮ್ಯಾಲೆ ಭಾರಾನೇ ಬೀಳಕ್ಕಿಲ್ಲ. ಗೇರ್ ಶಿಫ್ಟರೂ ಈ ತುದೀಲೇ ಕೂತ್ಕತದೆ. ಹೆಬ್ಬೆರಳು ಬ್ಯಾಡ, ಅಂಗೈಯಾಗೆ ದೂಡಿದ್ರೆ ಸಾಕು."

ಭಾನುವಾರ ಬೆಂಗಳೂರಿನಿಂದ ಸೈಕಲ್ಲಿನವರು ದಂಡುಗಟ್ಟಿ ಮೈಸೂರು ರಸ್ತೆಯಲ್ಲಿ ಬರುತ್ತಾರಲ್ಲ, ಅವರಲ್ಲೊಬ್ಬ ತಮ್ಮನ ಅಂಗಡಿಯ ಮುಂದೆ ನಿಂತು ಮಗಳಿಗೆ ಬೊಂಬೆ ಕೊಂಡನಂತೆ. ತಮ್ಮ ಅವನ ಸೈಕಲ್ಲನ್ನು ನೋಡಿ ನಮ್ಮಕ್ಕನ ಕೈ ಹೀಗೆ ಹೀಗೆ ಎಂದು ಹೇಳಿದ್ದಾನೆ. ಆ ಪುಣ್ಯಾತ್ಮ ಮುಂದಿನ ವಾರ ತನ್ನ ಹಳೆಯ ಜೋಡಿಯನ್ನು ಶಿಫ್ಟರ್ ಸಮೇತ ತಂದುಕೊಟ್ಟು ಹೋಗಿದ್ದಾನೆ. ನಾನು ಬೈಯಲು ಬಾಯಿ ತೆರೆದೆ, ದೇವರ ಮುಂದೆ ಕಬ್ಬಿಣ ಇಡ್ತಾರೇನ್ಲಾ ಎನ್ನಬೇಕೆಂದಿದ್ದೆ. ಬೈಯುವ ಬದಲು ಗೌರಿಗೆ ಹಚ್ಚಿದ ಅರಿಶಿನವನ್ನೇ ಕೊಂಬಿಗೂ ಹಚ್ಚಿ ಕಣ್ಣೊರೆಸಿಕೊಂಡೆ.

ಗಣೇಶನ ಹಬ್ಬದ ಮಾರನೆಯ ದಿನ ಇಬ್ಬರೂ ಜಗಲಿಯಲ್ಲಿ ಸೈಕಲ್ ಮುಂದಿಟ್ಟುಕೊಂಡು ಕೂತೆವು. ತಮ್ಮ ಮೊದಲು ಕೊಂಬುಗಳನ್ನು ಹ್ಯಾಂಡಲ್ಲಿನ ನಡುವೆ, ಎಡಕ್ಕೊಂದು ಬಲಕ್ಕೊಂದು ಪಟ್ಟಿ ಹಾಕಿ ಕೂರಿಸಿದ. ಬೋಲ್ಟನ್ನು ಒಂದೇ ಕಡೆ ಬಿಗಿದರೆ ಪಟ್ಟಿ ಸೊಟ್ಟಗಾಗುತ್ತದೆ ಎಂದು ಅಲ್ಲಿಷ್ಟು ಇಲ್ಲಿಷ್ಟು ತಿರುಗಿಸುತ್ತಾ ಹೋದ. ನನ್ನನ್ನು ಹತ್ತಿಸಿ ಮೊಳಕೈ ಊರಿಸಿದರೆ ನಾನು ಬಾವಿಗೆ ಇಣುಕಿದವಳ ಹಾಗೆ ಮುಂದಕ್ಕೆ ಬಗ್ಗಿಹೋದೆ. ರೇಸಿನವರಿಗೆ ಅದೇ ಬೇಕು. ನನಗೆ ಬೇಕಿರಲಿಲ್ಲ.

"ಸೊಂಟ ಮುರೀತದೆ ಕಣ್ಲಾ!"

"ತಡಿಯಕ್ಕ, ದಿಂಬು ಒಸಿ ಮ್ಯಾಲೆತ್ತಣ."

ಅದಕ್ಕೂ ಅವನು ತಯಾರಾಗಿ ಬಂದಿದ್ದ. ಜೇಬಿನಿಂದ ಮರದ ಬಿಲ್ಲೆಗಳನ್ನು ತೆಗೆದ. ಹಾಲೆ ಮರದಲ್ಲಿ ಕಡೆದು, ನಡುವೆ ತೂತು ಮಾಡಿ, ಒಂದಕ್ಕೆ ಕೆಂಪು, ಒಂದಕ್ಕೆ ಹಳದಿ, ಒಂದಕ್ಕೆ ಹಸಿರು ಅರಗು ಹಚ್ಚಿದ್ದವು. ದಿಂಬಿನ ಕೆಳಗೆ ಒಂದರ ಮೇಲೊಂದು ಪೇರಿಸಿ ಉದ್ದನೆಯ ಬೋಲ್ಟು ಹಾಕಿದ. ಸೈಕಲ್ಲಿಗೆ ಬಳೆ ತೊಡಿಸಿದ ಹಾಗಾಯಿತು. ಮತ್ತೆ ಹತ್ತಿ ಮೊಳಕೈ ಊರಿದೆ. ಈ ಸಲ ಬೆನ್ನು ಏನೂ ಎನ್ನಲಿಲ್ಲ.

ಇನ್ನು ಶಿಫ್ಟರು. ಅದರ ಹಿಂಭಾಗವನ್ನು ಕೊಂಬಿನ ಬಾಯೊಳಗೆ ತೂರಿಸಿ ಬಿಗಿದರೆ ಅದು ಒಳಗೇ ಅಗಲವಾಗಿ ಕಚ್ಚಿಕೊಳ್ಳುತ್ತದೆ. ಆ ಬೋಲ್ಟು ಉಲ್ಟಾ. ಬಿಚ್ಚುವ ದಿಕ್ಕಿಗೆ ತಿರುಗಿಸಿದರೆ ಬಿಗಿಯುತ್ತದೆ. "ನಿನ್ ಥರಾನೇ ಐತೆ ಕಣಕ್ಕ" ಎಂದ ತಮ್ಮ. ತಲೆಗೊಂದು ಮೊಟಕಿದೆ. ಆದರೆ ಬಿಗಿಯುವ ಮುಂಚೆ ತಂತಿ ಎಳೆಯಬೇಕು. ಶಿಫ್ಟರಿನಿಂದ ಹೊರಟ ತಂತಿ ಕೊಂಬಿನ ಹೊಟ್ಟೆಯೊಳಗೇ ಹಾದು, ಬಾಗಿದ ಜಾಗ ದಾಟಿ, ಹಿಂದೆ ಅಡಿಯಲ್ಲಿರುವ ಕಡಲೆಕಾಳಿನಷ್ಟು ತೂತಿನಿಂದ ಹೊರಗೆ ಬರಬೇಕು. ಆಮೇಲೆ ಅದರ ಮೇಲೆ ಕರಿಯ ಕವಚ ಹಾಕಬೇಕು, ಸೈಕಲ್ ಅಂಗಡಿಯವರು ಔಟರ್ ಎನ್ನುತ್ತಾರಲ್ಲ, ಅದು. ತಮ್ಮ ತಂತಿ ತೂರಿಸಿದ. ಅದು ಬಾಗಿದ ಜಾಗಕ್ಕೆ ಹೋಗಿ ನಿಂತಿತು. ಮತ್ತೆ ತೂರಿಸಿದ. ತೂತನ್ನು ಬಿಟ್ಟು ಮುಂದಕ್ಕೆ ಹೋಯಿತು. ಅವನ ಹಣೆಯಲ್ಲಿ ಬೆವರು ಒಡೆಯಿತು.

"ಕೊಡಿಲ್ಲಿ" ಎಂದೆ. ತುದಿ ಹುಡುಕುವುದು ನನ್ನ ಕಸುಬು. ಹುರಿ ಮಾಡಿದ ರೇಷ್ಮೆ ನೂಲು ಮನೆಯಲ್ಲಿ ಯಾವಾಗಲೂ ಇರುತ್ತದೆ. ಅದರ ತುದಿಗೆ ಹತ್ತಿಯಂತೆ ಹಗುರಾದ ರೇಷ್ಮೆಯ ಹಿಂಜು ಒಂದು ಚೂರು ಕಟ್ಟಿ ಕೊಂಬಿನ ಬಾಯಲ್ಲಿ ಇಟ್ಟೆ. ಹಿಂದಿನ ತುದಿಯನ್ನು ತಮ್ಮ ಅಂಗೈಯಿಂದ ಮುಚ್ಚಿಕೊಂಡ. ನಾನು ಆ ಸಣ್ಣ ತೂತಿಗೆ ಬಾಯಿ ಹಚ್ಚಿ, ಎಳನೀರು ಹೀರುವ ಹಾಗೆ ಜೋರಾಗಿ ಹೀರಿದೆ. ಬಾಯೆಲ್ಲ ಕಹಿ. ಮೂರನೆಯ ಸಲಕ್ಕೋ ನಾಲ್ಕನೆಯ ಸಲಕ್ಕೋ ತುಟಿಗೆ ಏನೋ ಮೆತ್ತಗೆ ತಾಗಿತು. ಹಿಂಜು ಬಂದಿತ್ತು, ಹಿಂದೆಯೇ ನೂಲು. ಆ ನೂಲಿನ ಇನ್ನೊಂದು ತುದಿಗೆ ತಂತಿ ಕಟ್ಟಿ ಮೆಲ್ಲಗೆ ಎಳೆದರೆ ಸಾಕಿದ ಹಸುವಿನ ಹಾಗೆ ಹಿಂದೆಯೇ ಬಂದಿತು. ಬೆರಳಿಗೆ ಸಿಗದ ತುದಿ ತುಟಿಗೆ ಸಿಕ್ಕಿತ್ತು. ನಾನು ಜಗಲಿಯಲ್ಲೇ ಎದ್ದು ನಿಂತು ಚಪ್ಪಾಳೆ ಹೊಡೆದೆ. ಒಳಗಿದ್ದ ಗಂಡ ಏನಾಯಿತೋ ಎಂದು ಓಡಿಬಂದರು.

ಗೆದ್ದ ಹುಮ್ಮಸ್ಸಿನಲ್ಲಿ ಮುಂದಿನದನ್ನೂ ನಾನೇ ಮಾಡುತ್ತೇನೆ ಎಂದೆ. ತಂತಿಗೆ ಔಟರ್ ತೊಡಿಸಿ, ಕೊಂಬಿನಿಂದ ಸೈಕಲ್ಲಿನ ಕಂಬಿಯವರೆಗೆ ಎಷ್ಟು ಉದ್ದ ಬೇಕೋ ಅಷ್ಟಕ್ಕೆ ಕತ್ತರಿಸಬೇಕು. "ಒಸಿ ಉದ್ದ ಬುಡಣ್ವಾ?" ಎಂದು ತಮ್ಮ ಕೇಳಿದ. ನಾನು ಅವನ ಮೇಲೆ ಹರಿಹಾಯ್ದೆ. ನೂಲಿನ ಕೆಲಸದಲ್ಲಿ ಸಡಿಲ ಅನ್ನುವುದು ಪಾಪಕ್ಕೆ ಸಮ. ಎಳೆ ಜೋಲು ಬಿತ್ತೋ, ಲಡಿ ಕೆಟ್ಟಿತು, ಮಾರ್ಕೆಟ್ಟಿನಲ್ಲಿ ಯಾರೂ ಮೂಸುವುದಿಲ್ಲ. ಇಷ್ಟು ವರ್ಷ ಬೈಸಿಕೊಂಡು ಕಲಿತದ್ದು ಅದು. ಹ್ಯಾಂಡಲ್ಲನ್ನು ನೆಟ್ಟಗೆ ನಿಲ್ಲಿಸಿಕೊಂಡು, ತಂತಿಯನ್ನು ವೀಣೆಯ ತಂತಿಯಂತೆ ಬಿಗಿದು, ಔಟರನ್ನು ಒಂದು ಬೆರಳು ಕೂಡ ಹೆಚ್ಚಾಗದಂತೆ ಕತ್ತರಿಸಿದೆ. ಎರಡೂ ಕಡೆ. ನೋಡಲು ಎಷ್ಟು ಚೆಂದ ಇತ್ತು ಅಂದರೆ ಗಂಡ ಕೂಡ "ಕಂಪನಿಯವ್ರೇ ಮಾಡ್ದಂಗೈತೆ" ಎಂದರು.

ಬೀದಿಗೆ ಇಳಿದೆ. ನೆಟ್ಟಗಿನ ದಾರಿಯಲ್ಲಿ ಸೈಕಲ್ಲು ನೀರಿನ ಹಾಗೆ ಹೋಯಿತು. ಅಂಗೈಯಿಂದ ಸನ್ನೆ ದೂಡಿದರೆ ಗೇರು ಟಕ್ ಎನ್ನದೆ ನುಣ್ಣಗೆ ಬದಲಾಯಿತು. ಬೀದಿ ಕೊನೆಯಲ್ಲಿ ಬ್ರೇಕಿನ ಕಡೆ ಕೈ ತಂದು, ಎಡಕ್ಕೆ ತಿರುಗಿದೆ. ನಾನು ಸನ್ನೆ ಮುಟ್ಟಿಯೇ ಇಲ್ಲ, ಚೈನು ಕಟಕಟ ಎಂದು ತಾನೇ ಬೇರೆ ಗೇರಿಗೆ ಹಾರಿತು. ಬಲಕ್ಕೆ ತಿರುಗಿಸಿದೆ, ಮತ್ತೆ ಹಾರಿತು. ಕಾಲು ಒಮ್ಮೆ ಕಲ್ಲು ಕಟ್ಟಿದ ಹಾಗೆ, ಒಮ್ಮೆ ಗಾಳಿಯಲ್ಲಿ ಆಡಿದ ಹಾಗೆ. ಓಲಾಡಿಕೊಂಡು ಹೋಗಿ ಎಳನೀರಿನ ಗಾಡಿಯನ್ನು ತಬ್ಬಿಕೊಂಡು ನಿಂತೆ.

ಎಳನೀರಿನವನು ಮಚ್ಚು ಎತ್ತಿಕೊಂಡು, "ಗಂಜಿ ಇರೋದೋ, ಬರೀ ನೀರೋ ಅಕ್ಕ?" ಎಂದ.

ಮನೆಗೆ ಬಂದು ತಮ್ಮನನ್ನು ಹಿಡಿದು ಝಾಡಿಸಿದೆ. ನಿನ್ನ ಶಿಫ್ಟರೇ ಸರಿಯಿಲ್ಲ, ಬೆಂಗಳೂರಿನವನು ಕೆಟ್ಟದ್ದನ್ನು ದಾನ ಮಾಡಿದ್ದಾನೆ ಎಂದೆ. "ಕುಣಿಲಾರ್ದೋಳು ನೆಲ ಡೊಂಕು ಅಂದ್ಳಂತೆ" ಎಂದು ಅವನೂ ಬಿಡಲಿಲ್ಲ. ಸೈಕಲ್ಲು ನಿಲ್ಲಿಸಿಕೊಂಡು ಸನ್ನೆ ದೂಡಿದರೆ ಎಲ್ಲ ಸರಿ. ಓಡಿಸಿದರೆ ಸರಿಯಿಲ್ಲ. ಇಬ್ಬರೂ ತಲೆ ಕೆರೆದುಕೊಂಡು ಕೂತೆವು. ಭಾನುವಾರಕ್ಕೆ ಇನ್ನು ಹೆಚ್ಚು ದಿನ ಇರಲಿಲ್ಲ. ಗಂಡ ಸೈಕಲ್ಲನ್ನೊಮ್ಮೆ ನೋಡಿ ಟಿವಿ ಮುಂದೆ ಹೋಗಿ ಕೂತರು, ಅದೇ ನನಗೆ ಹೆಚ್ಚು ಉರಿ ತಂದಿತು.

ಅಷ್ಟರಲ್ಲಿ ಅವ್ವನ ಫೋನು. ಅವಳಿಗೆ ಮೊದಲಿಂದಲೂ ಇದು ಒಪ್ಪಿಗೆಯಿಲ್ಲ. "ಹೆಂಗಸರ್ಗೆ ಬಸ್ಸು ಫ್ರೀ ಬುಟ್ಟವ್ರೆ. ಸತ್ತ ಕೈ ಇಟ್ಕಂಡು ಸೈಕಲ್ ಯಾಕಮ್ಮಿ ನಿಂಗೆ?" ಎಂದು ದಿನಾ ಕೇಳುತ್ತಿದ್ದಳು. ಫೋನ್ ಎತ್ತಿ ಸ್ಪೀಕರಿಗೆ ಹಾಕಿದ ತಮ್ಮ, ಹಬ್ಬದ ಮಾತು ಮುಗಿಸಿ ನಮ್ಮ ಗೋಳು ಹೇಳಿದ. ಆ ಕಡೆ ಅವ್ವ ಕೊಟ್ಟಿಗೆಯಲ್ಲಿದ್ದಳು. ಸೀಮೆಹಸು ಒದರುವುದು ನನಗೂ ಕೇಳಿಸುತ್ತಿತ್ತು.

"ಹ್ಯಾಂಡಲ್ ತಿರುಗ್ಸಿದ್ರೆ ಗೇರು ತಾನೇ ಹಾರ್ತದೆ ಕಣವ್ವ. ಯಾಕೆ ಅಂತಾನೇ ತಿಳೀತಿಲ್ಲ."

"ನೆಟ್ಟಗೆ ಹೋಗುವಾಗ?"

"ನೆಟ್ಟಗಿದ್ರೆ ಚೆನ್ನಾಗೈತೆ."

ಅವ್ವ ಹಸುವಿಗೆ "ಹ್ಞೂಂ, ಸುಮ್ಕಿರು" ಎಂದಳು. ಆಮೇಲೆ ನಮಗೆ ಹೇಳಿದಳು. "ಹಗ್ಗ ಗಿಡ್ಡ ಕಟ್ಟಿದ್ದೀರ ಕಣ್ರೋ. ಕತ್ತು ತಿರುಗ್ಸಕ್ಕೆ ಜಾಗ ಬುಡದೆ ಹಸೂನ ಕಟ್ಟಿದ್ರೆ ಗೂಟಾನೇ ಕಿತ್ಕತದೆ. ಒಸಿ ಸಡಿಲ ಬುಡ್ರಿ."

ತಮ್ಮ ನನ್ನ ಮುಖ ನೋಡಿದ. ನಾನು ಹ್ಯಾಂಡಲ್ ಹಿಡಿದು ಎಡಕ್ಕೆ ತಿರುಗಿಸಿದೆ. ಬಲಗಡೆಯ ತಂತಿ ಬಿಗಿದು ನಿಂತಿತು, ಹಿಂದಿನ ಗೇರು ಜರುಗಿತು. ಅಷ್ಟೇ ವಿಷಯ. ನಮ್ಮವ್ವ ಗೇರ್ ಸೈಕಲ್ಲನ್ನು ಹತ್ತಿರದಿಂದ ನೋಡಿದವಳೂ ಅಲ್ಲ. ನನಗೆ ಸಿಟ್ಟು, ನಾಚಿಕೆ, ನಗು ಮೂರೂ ಒಟ್ಟಿಗೆ ಬಂದವು. ಕೊನೆಗೆ ನಗುವೇ ಗೆದ್ದಿತು. ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಅವ್ವ ಆ ಕಡೆಯಿಂದ "ಏನ್ರೋ ಅದು, ಹುಚ್ಚು ಗಿಚ್ಚು ಹಿಡೀತಾ?" ಎಂದು ಕೂಗುತ್ತಲೇ ಇದ್ದಳು.

ಕತ್ತರಿಸಿದ ತಂತಿ ಬೆಳೆಯುವುದಿಲ್ಲವಲ್ಲ. ಸಪ್ಪೆ ಮುಖ ಮಾಡಿಕೊಂಡು ಕೂತೆ. ತಮ್ಮ ಸದ್ದಿಲ್ಲದೆ ಎದ್ದು ಹೋಗಿ ಸ್ಕೂಟರಿನ ಡಿಕ್ಕಿಯಿಂದ ಇನ್ನೊಂದು ಜೊತೆ ತಂತಿ, ಇನ್ನೊಂದು ಸುರುಳಿ ಔಟರ್ ತಂದು ಮುಂದಿಟ್ಟ.

"ಮೊದ್ಲೇ ಯಾಕ್ಲಾ ಹೇಳ್ಲಿಲ್ಲ?"

"ನೀನು ಒಂದು ಸಲ ಕೆಡಿಸ್ದೆ ಸರಿ ಮಾಡೋಳಲ್ಲ ಅಂತ ಗೊತ್ತಿತ್ತು ಕಣಕ್ಕ. ಅದ್ಕೇ ಎಲ್ಡೆಲ್ಡು ತಂದೆ."

ಮತ್ತೆ ಹಿಂಜು, ಮತ್ತೆ ನೂಲು, ಮತ್ತೆ ಬಾಯಿಯೆಲ್ಲ ಕಹಿ. ಈ ಸಲ ಹ್ಯಾಂಡಲ್ಲನ್ನು ಆ ಕಡೆ ಪೂರ್ತಿ, ಈ ಕಡೆ ಪೂರ್ತಿ ತಿರುಗಿಸಿ, ಎರಡಕ್ಕೂ ಸಾಲುವಷ್ಟು ಅಳತೆ ಹಿಡಿದೆವು. ಔಟರ್ ಕೊಂಬಿನ ಹಿಂದಿನಿಂದ ಹೊರಟು ಒಂದು ಸಣ್ಣ ಬಳುಕು ಬಳುಕಿ ಕಂಬಿಗೆ ಸೇರಿತು. ಆ ಜೋಲು ನೋಡಿ ನನ್ನ ಕೈ ತುರಿಸುತ್ತಿತ್ತು, ಎಳೆದು ಬಿಗಿಯೋಣ ಎಂದು. ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೆ.

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಹೊರಟೆ. ಹಿಂದಿನ ಸಂಜೆಯೇ ಗಂಡ ನನಗೆ ಹೇಳದೆ ಎರಡೂ ಚಕ್ರಕ್ಕೆ ಗಾಳಿ ಹೊಡೆದಿದ್ದರು. ಬಾಗಿಲಲ್ಲಿ ನಿಂತು, "ಆಗ್ಲಿಲ್ಲ ಅಂದ್ರೆ ಫೋನ್ ಮಾಡು, ಗೂಡ್ಸ್ ಆಟೋ ತತ್ತೀನಿ" ಎಂದರು. "ನಿಮ್ಮ ಆಟೋ ನೀವೇ ಇಟ್ಕಳಿ" ಎಂದು ಹೊರಟೆ.

ಊರೊಳಗೆಲ್ಲ ಬ್ರೇಕಿನ ಮೇಲೆ ಕೈ. ಊರು ದಾಟಿ ರಸ್ತೆ ಖಾಲಿಯಾದ ಮೇಲೆ ಮೊಳಕೈಗಳನ್ನು ದಿಂಬಿನ ಮೇಲೆ ಇಟ್ಟೆ. ಕೊಂಬಿನ ತುದಿಯನ್ನು ಹಾಲಿನ ಲೋಟ ಹಿಡಿದಷ್ಟೇ ಹಗುರವಾಗಿ ಹಿಡಿದೆ. ಚನ್ನಪಟ್ಟಣದಲ್ಲಿ ತಮ್ಮ ಸ್ಕೂಟರಿನಲ್ಲಿ ಜೊತೆಯಾದ. ಸಾತನೂರು ರಸ್ತೆಗೆ ತಿರುಗುವಾಗ ಗೇರು ಇದ್ದಲ್ಲೇ ಇತ್ತು, ಹಾರಲಿಲ್ಲ. "ಹಗ್ಗ ಸರಿ ಐತಾ?" ಎಂದು ತಮ್ಮ ಹಿಂದಿನಿಂದ ಕೂಗಿದ.

ನಿಜವಾದ ಭಯ ಇನ್ನು ಮುಂದೆ. ಬೇರೆ ದಿನಗಳಲ್ಲಿ ಇಷ್ಟು ದೂರಕ್ಕೆ ಕಿರುಬೆರಳು ಮಾಯವಾಗಿ, ಅದರ ಪಕ್ಕದ್ದೂ ಹೋಗಿ, ಹೆಬ್ಬೆರಳಿನ ಸರದಿ ಬಂದಿರುತ್ತಿತ್ತು. ಒಂದೊಂದನ್ನೇ ಆಡಿಸಿ ನೋಡಿದೆ. ಕಿರುಬೆರಳು ಇತ್ತು. ಅದರ ಪಕ್ಕದ್ದೂ ಇತ್ತು. ಸ್ವಲ್ಪ ದೂರ ಹೋಗಿ ಮತ್ತೆ ನೋಡಿದೆ, ಮದುವೆಮನೆಯಲ್ಲಿ ತಾಯಿ ಮಕ್ಕಳ ತಲೆ ಎಣಿಸಿಕೊಳ್ಳುವ ಹಾಗೆ. ಎಲ್ಲವೂ ಇದ್ದವು. ಎರಡೂ ಕಡೆ ರಾಗಿ ಹಸಿರಾಗುತ್ತಿತ್ತು, ಹಿಪ್ಪುನೇರಳೆ ತೋಟಗಳಲ್ಲಿ ಸೊಪ್ಪು ಕೊಯ್ಯುವವರು ತಲೆ ಎತ್ತಿ ನೋಡುತ್ತಿದ್ದರು. ಕುರಿ ಹೊಡೆದುಕೊಂಡು ಬರುತ್ತಿದ್ದ ಯಜಮಾನರೊಬ್ಬರು, "ಯಾಕವ್ವಾ, ಸೈಕಲ್ ಮ್ಯಾಲೇ ಮನೀಕಂಬುಟ್ಟಿದ್ದೀಯ?" ಎಂದರು.

"ತವರಿಗೆ ಹೋಯ್ತಿದ್ದೀನಿ ಕಣಪ್ಪ!" ಎಂದು ಕೂಗಿದೆ. ಕೇಳಿದ್ದಕ್ಕೆ ಅದು ಉತ್ತರವಲ್ಲ. ನನಗೆ ಹೇಳಬೇಕು ಅನ್ನಿಸಿದ್ದು ಅದು.

ಕಬ್ಬಾಳದುರ್ಗದ ಬೆಟ್ಟ ಕಾಣಿಸಿತು. ಮುಂದೆ ಏರು. ಮನಸ್ಸಿನಲ್ಲೇ ಕಬ್ಬಾಳಮ್ಮನಿಗೆ ಕೈಮುಗಿದೆ, ಕೈಯನ್ನಂತೂ ಎತ್ತಲಾಗುವುದಿಲ್ಲ. ಅಂಗೈಯಿಂದ ಸನ್ನೆಯನ್ನು ಮೆಲ್ಲಗೆ ದೂಡಿದೆ. ರಾಟೆಗೆ ಎಳೆ ಕೊಟ್ಟ ಹಾಗೆ ನುಣ್ಣಗೆ ಚೈನು ಹಿಂದಿನ ದೊಡ್ಡ ಹಲ್ಲುಚಕ್ರದ ಮೇಲೆ ಹತ್ತಿ ಕೂತಿತು. ಕಾಲು ಹಗುರಾಯಿತು. ಏದುಸಿರು ಬಿಡುತ್ತಾ, ಬೆವರು ಕಣ್ಣಿಗೆ ಇಳಿಯುತ್ತಾ, ಇಳಿಯದೆ ಹತ್ತಿದೆ. ಮೇಲೆ ತಲುಪಿದಾಗ ಯಾರೂ ಇರಲಿಲ್ಲ, ತಮ್ಮ ಹಿಂದೆ ಉಳಿದಿದ್ದ. ಒಬ್ಬಳೇ ಜೋರಾಗಿ ನಕ್ಕೆ.

ಅವ್ವ ಬಾಗಿಲಲ್ಲೇ ನಿಂತಿದ್ದಳು. ತಮ್ಮನ ಹೆಂಡತಿ ಮಕ್ಕಳು ಹಬ್ಬದಿಂದ ಅಲ್ಲೇ ಉಳಿದಿದ್ದರು, ಅವರೆಲ್ಲ ಸೈಕಲ್ಲನ್ನು ಮುತ್ತಿಕೊಂಡರು. ಇಳಿದು ಎರಡೂ ಕೈ ಮುಂದೆ ಚಾಚಿಕೊಂಡು ಅವ್ವನ ಹತ್ತಿರ ಹೋದೆ. ಚಿವುಟಲಿ ಎಂದು. ಅವಳು ನನ್ನ ಕೈಯ ಕಡೆ ನೋಡಲೂ ಇಲ್ಲ. ನೆಟ್ಟಗೆ ಸೈಕಲ್ಲಿನ ಹತ್ತಿರ ಹೋಗಿ, ಹ್ಯಾಂಡಲ್ ಹಿಡಿದು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗಿಸಿ, ಔಟರಿನ ಬಳುಕನ್ನು ಬೆರಳಿನಿಂದ ಮುಟ್ಟಿ, "ಹ್ಞೂಂ, ಈಗ ಸರಿ ಐತೆ" ಎಂದಳು. ಒಳಗಿನಿಂದ ಅರಿಶಿನ ಕುಂಕುಮ ತಂದು ಎರಡೂ ಕೊಂಬಿಗೆ ಇಟ್ಟಳು. ನನ್ನ ಕಾಲಿಗೆ ಒಂದು ಚೊಂಬು ನೀರು ಕೊಟ್ಟಳು.

ಮುದ್ದೆ, ನಾಟಿ ಕೋಳಿ ಸಾರು. ಎಲ್ಲರೂ ದಾರಿಯ ಕತೆ ಕೇಳಿದರು. ಎಳನೀರಿನವನ ಮಾತು ಹೇಳಿದಾಗ ಅವ್ವನೂ ನಕ್ಕಳು. ಆದರೆ ಕೈ ಹೇಗಿದೆ ಎಂದು ಕೇಳಲಿಲ್ಲ. ಚಿವುಟಲಿಲ್ಲ. ಇಷ್ಟು ದೂರ ತುಳಿದುಕೊಂಡು ಬಂದದ್ದು ಇನ್ನೇತಕ್ಕೆ? ನನಗೆ ಒಳಗೊಳಗೇ ಬೇಜಾರಾಯಿತು. ಇವಳಿಗೆ ನನಗಿಂತ ಸೈಕಲ್ಲೇ ಹೆಚ್ಚಾಯಿತೇ ಎಂದುಕೊಂಡು ಮುದ್ದೆ ನುಂಗಿದೆ.

ಬಿಸಿಲು ಇಳಿದ ಮೇಲೆ ಹೊರಟು ನಿಂತೆ. ತವರಿನಿಂದ ಮಗಳು ಬರಿಮಡಿಲಲ್ಲಿ ಹೋಗುವ ಹಾಗಿಲ್ಲ. ಸೀರೆಯಿಲ್ಲ, ಚೂಡಿದಾರದ ವೇಲನ್ನೇ ಮಡಿಲು ಮಾಡಿ ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅವ್ವ ಅಕ್ಕಿ ಹಾಕಿದಳು, ಬೆಲ್ಲ ಇಟ್ಟಳು, ಕಾಯಿ ಇಟ್ಟಳು, ಎಲೆಅಡಿಕೆ ಇಟ್ಟಳು. ಕೊನೆಗೆ ಇನ್ನೊಂದು ಹಿಡಿ ಅಕ್ಕಿ ಹಾಕುವವಳಂತೆ ಕೈ ತಂದು, ವೇಲಿನ ಅಂಚು ಹಿಡಿದಿದ್ದ ನನ್ನ ಕಿರುಬೆರಳಿನ ತುದಿಯನ್ನು ಉಗುರಿನಿಂದ ಕಚಕ್ಕನೆ ಚಿವುಟಿದಳು.

"ಅಯ್ಯಯ್ಯಮ್ಮಾ!" ಎಂದು ಕಿರುಚಿಕೊಂಡೆ. ವೇಲಿನ ಅಂಚು ಕೈ ಜಾರಿತು. ಅರ್ಧ ಅಕ್ಕಿ ಅಂಗಳಕ್ಕೆ ಚೆಲ್ಲಿತು. ಕೋಳಿಗಳು ಎಲ್ಲಿದ್ದವೋ ಓಡಿಬಂದವು.

ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. "ನೋಯ್ತಾ?" ಎಂದಳು, ಈ ಸಲ ಮೆಲ್ಲಗೆ.

"ನೋಯ್ದೆ ಇನ್ನೇನು, ರಕ್ತ ಬರಂಗೆ ಚಿವುಟ್ಬುಟ್ಟೆ! ಬಂದಾಗ್ಲೇ ಚಿವುಟಕ್ಕೆ ಏನಾಗಿತ್ತವ್ವ ನಿಂಗೆ?"

"ಹೆದರ್ಕಂಡಿದ್ದೆ ಕಣಮ್ಮಿ" ಎಂದಳು. "ಇಷ್ಟು ದೂರ ನಕ್ಕಂಡು ಬಂದಿದ್ದೀಯ. ಆಗ್ಲೇ ಚಿವುಟಿ, ನೀನು ಮತ್ತೆ ತಡವಾಗಿ ಹ್ಞೂಂ ಅಂದ್ಬುಟ್ಟಿದ್ರೆ, ಉಣ್ಣಕ್ಕೆ ಇಕ್ಕಕ್ಕೂ ನನ್ ಕೈಲಾಗ್ತಿರ್ಲಿಲ್ಲ."

ಅವ್ವ ಉಳಿದ ಮಡಿಲಕ್ಕಿಯನ್ನು ಒಂದು ಬಟ್ಟೆಗೆ ಸುರಿದು ಗಂಟು ಕಟ್ಟಿ, ಎರಡು ಕೊಂಬಿನ ನಡುವೆ ಇಟ್ಟು, ತಂತಿಗೆ ತಾಗದ ಹಾಗೆ ದಾರ ಸುತ್ತಿದಳು. ಹ್ಯಾಂಡಲ್ ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. "ಒಸಿ ಸಡಿಲಾನೇ ಕಟ್ಟಿವ್ನಿ. ನಿನ್ ಗಂಡಂಗೆ ಹೇಳು, ಸೈಕಲ್ ಮಾರಕೂಡ್ದಂತೆ ಅಂತ."

ಕಬ್ಬಾಳಿನ ತಿರುವು ದಾಟುವವರೆಗೂ ಕಿರುಬೆರಳು ಚುರುಚುರು ಎನ್ನುತ್ತಲೇ ಇತ್ತು. ತಮ್ಮ ಸ್ಕೂಟರನ್ನು ಪಕ್ಕಕ್ಕೆ ತಂದು, "ಯಾಕಕ್ಕ, ನೋಯ್ತಾ ಐತಾ?" ಎಂದು ಕೇಳಿದ. ನೋಯ್ತಾ ಐತೆ ಕಣ್ಲಾ, ಬೋ ನೋಯ್ತಾ ಐತೆ ಎಂದು ನಗುತ್ತಾ ತುಳಿದೆ.